ಅಕ್ಕನ ಬೇಲಿಗೆ ಸುರಿದ ನೀರು

ಕರೆಂಟು ಹೋಗಿ ಎರಡು ದಿನವಾಗಿತ್ತು. ನೆಲಮಾಳಿಗೆಯ ಪಂಪು ಸುಮ್ಮನೆ ಬಿದ್ದಿತ್ತು, ಮಳೆಗಾಲದ ಒಸರು ನೀರು ಮಾತ್ರ ಹೇಳದೆ ಕೇಳದೆ ಏರುತ್ತಿತ್ತು. ಹಾಸಿಗೆ ಹೊಲಿಯುವವಳಿಗೆ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಹಾಸ್ಟೆಲ್ಲಿಗೆಂದು ತಿಂಗಳುಗಟ್ಟಲೆ ಬೆನ್ನು ಮುರಿದು ಹೊಲಿದ ಬಿಳಿ ಹಾಸಿಗೆಗಳೆಲ್ಲ ಅಲ್ಲೇ ಹಲಗೆಯ ಮೇಲಿದ್ದವು. ಹತ್ತಿಗೆ ನೀರು ತಗುಲಿದರೆ ಮುಗಿಯಿತು, ಕೊಳೆತು ನಾರುತ್ತದೆ. ಮೇಲಕ್ಕೆ ಒಯ್ಯೋಣವೆಂದರೆ ಅವಳ ಪಾಲಿಗೆ ಬಂದದ್ದು ಒಂದು ಕೋಣೆ, ಒಂದು ಅಡುಗೆಮನೆ.

ಪಾಲೆಂದರೆ ಅಕ್ಕನ ಜೊತೆಗಿನ ಪಾಲು. ಅಪ್ಪ ಹೋದ ಮೇಲೆ ಮನೆಯ ನಡುವೆ, ಕೊನೆಗೆ ನೆಲಮಾಳಿಗೆಯ ನಡುವೆಯೂ ಗೋಡೆ ಎದ್ದಿತ್ತು. ಆಚೆ ಬದಿಯಲ್ಲಿ ಅಕ್ಕ ನೂಲಿಗೆ ಬಣ್ಣ ಹಾಕುತ್ತಾಳೆ. ಇಬ್ಬರೂ ಮಾತು ಬಿಟ್ಟು ಮೂರು ವರ್ಷ.

ಗಂಡ ಕೆಳಗಿನಿಂದ ಬಕೆಟ್ ತುಂಬಿ ಕೊಡುತ್ತಿದ್ದ, ಇವಳು ಹೊರಗೆ ಒಯ್ದು ಸುರಿಯುತ್ತಿದ್ದಳು. ಎಲ್ಲಿಗೆ? ಬೇಕಂತಲೇ ಅಕ್ಕನ ಬೇಲಿಯ ಬುಡಕ್ಕೆ.

"ಬೀದಿ ಚರಂಡಿಗೆ ಹಾಕಬಾರದೇನೆ?" ಅಂದ ಗಂಡ.

"ಅಷ್ಟು ದೂರ ಯಾರು ಹೊರ್ತಾರೆ? ನೀವು ಸುಮ್ನೆ ತುಂಬಿ ಕೊಡಿ."

"ತುಂಬ್ತಾನೇ ಇದೀನಿ ಮಹಾತಾಯಿ. ಬೆಳಗ್ಗೆಯಿಂದ ಇಲ್ಲಿ ಬತ್ತಿರೋದು ನನ್ನ ಗಂಟಲು ಒಂದೇ!"

ಮಧ್ಯಾಹ್ನದ ಹೊತ್ತಿಗೆ ಬಕೆಟ್ಟಿನಲ್ಲಿ ಕೆಂಪು ನೀರು ಬಂತು. ಅವಳು ಓಡಿ ಇಳಿದಳು. ತಮ್ಮದೇ ಕಿಟಕಿಯ ಕೆಳಗಿಂದ ಅಕ್ಕನ ಬಣ್ಣ ಒಸರುತ್ತಿತ್ತು. ನೀರು ಹಲಗೆ ಮುಟ್ಟಲು ಬೆರಳಗಲವೂ ಬಾಕಿಯಿರಲಿಲ್ಲ. ಅವಳ ಮೈಯೆಲ್ಲ ಉರಿದುಹೋಯಿತು. ಇವತ್ತು ಒಂದು ಕೈ ನೋಡೇಬಿಡುತ್ತೇನೆ ಎಂದು ಹೋಗಿ ಅಕ್ಕನ ಬಾಗಿಲು ಬಡಿದಳು.

ಬಾಗಿಲು ತೆರೆದ ಅಕ್ಕನ ಕೈ ಮೊಣಕೈವರೆಗೆ ಕೆಂಪಾಗಿತ್ತು, ಮುಖ ಬಾಡಿತ್ತು.

"ಬಣ್ಣದ ಡ್ರಮ್ಮೆಲ್ಲ ತೇಲಿ ಮಗುಚಿಕೊಂಡ್ವು ಕಣೇ. ನೀನು ಸುರಿದದ್ದೆಲ್ಲ ನನ್ನ ಕಡೆ ಇಳೀತು. ನಾನೂ ಸಿಟ್ಟಿಗೆ ನಿನ್ನ ಕಿಟಕಿ ಬುಡಕ್ಕೇ ಸುರಿದೆ."

ಬೆಳಗ್ಗೆಯಿಂದ ಇಬ್ಬರೂ ಒಂದೇ ನೀರನ್ನು ಹೊತ್ತು ಹೊತ್ತು ಸುಸ್ತಾಗಿದ್ದರು. ಬೈಯಲೆಂದು ಬಂದ ತಂಗಿಗೆ ನಾಚಿಕೆಯಾಯಿತು, ಆದರೆ ನಾಚಿಕೊಂಡು ನಿಲ್ಲುವ ಹೊತ್ತು ಅದಲ್ಲ.

"ಅಕ್ಕಾ, ನನ್ನ ಹಾಸಿಗೆ..."

"ತಗೊಂಡು ಬಾ. ಇಲ್ಲಿ ಮೂರು ಕೋಣೆ ಇದೆ."

ಗಂಡ ಬೀದಿ ಚರಂಡಿಗೆ ನೀರು ಹೊರತೊಡಗಿದ. ಅಕ್ಕ ಕೆಂಪು ಕೈಗೆ ಟವೆಲು ಸುತ್ತಿಕೊಂಡು ಒಂದು ತುದಿ ಹಿಡಿದಳು, ತಂಗಿ ಇನ್ನೊಂದು ತುದಿ. ಏದುಸಿರು ಬಿಡುತ್ತ ಒಂದೊಂದೇ ಹಾಸಿಗೆ ತಂದರು. ಎರಡು ಕೋಣೆ ತುಂಬಿದ ಮೇಲೆ ಅಕ್ಕ ತನ್ನ ಮಂಚದ ಹಾಸಿಗೆಯನ್ನು ಕೆಳಕ್ಕೆ ಎಳೆದು ಜಾಗ ಮಾಡಿದಳು.

ತಂಗಿ ಕಸುಬಿನ ಅಭ್ಯಾಸಕ್ಕೆ ಅದನ್ನು ಒತ್ತಿ ನೋಡಿದಳು. ಹೊಲಿಗೆ ಬಿಟ್ಟು, ನಡುವೆ ಹತ್ತಿಯೇ ಇಲ್ಲದಂತೆ ಹಳ್ಳ ಬಿದ್ದಿತ್ತು.

"ಇದರ ಮೇಲೆ ಮಲಗ್ತೀಯಾ? ಹೊಸದು ಹೊಲಿಸಬಾರದಿತ್ತಾ?"

"ನಿನ್ನ ಬಿಟ್ಟು ಬೇರೆಯವರಿಗೆ ಹೇಳೋಕೆ ಮನಸ್ಸು ಬರಲಿಲ್ಲ ಕಣೇ."

ಇನ್ನೂ ಅರ್ಧದಷ್ಟು ಹಾಸಿಗೆಗಳು ಕೆಳಗೇ ಇದ್ದವು, ಗಂಡ ಕೂಗುತ್ತಲೇ ಇದ್ದ. ತಂಗಿ ಆ ಹಳೇ ಹಾಸಿಗೆಯ ಮೇಲೆ ಕುಸಿದು ಕೂತು ಅತ್ತುಬಿಟ್ಟಳು.