ಒಂದು ಕೆನ್ನೆಯ ಕೆಂಪು

ಎಪ್ಪತ್ತನಾಲ್ಕು ವರ್ಷದ ಮುದುಕಿ ಹದಿನೈದರ ಹುಡುಗಿಯನ್ನು ‘ಅಕ್ಕಾ’ ಅಂತ ಕರೆದರೆ ಕೇಳಿದವರು ಏನಂದುಕೊಳ್ಳಬೇಕು? ಮುದುಕಿಗೆ ಅರಳುಮರಳು ಅಂದುಕೊಳ್ಳುತ್ತಿದ್ದರು. ಪಕ್ಕದ ಮನೆಯ ನರ್ಸಮ್ಮನಂತೂ ಅಕ್ಕನ ತಲೆ ಸವರಿ, “ಅಜ್ಜೀನ ಚೆನ್ನಾಗಿ ನೋಡ್ಕೋ ಮಗು” ಅನ್ನುತ್ತಿದ್ದಳು. ನರ್ಸಮ್ಮನಿಗಿಂತ ಈ ಮಗು ಮೂವತ್ತು ವರ್ಷ ದೊಡ್ಡದು.

ಸಂಗತಿ ಇಷ್ಟೆ. ಅರವತ್ತಮೂರು ವರ್ಷದ ಹಿಂದೆ, ಅಂಗಡಿಗೆ ದಾರದುಂಡೆ ತರಲು ಹೋಗಿದ್ದ ಅಕ್ಕನನ್ನು ರಸ್ತೆಯ ತಿರುವಿನಲ್ಲಿ ಒಬ್ಬ ಕಚ್ಚಿದ. ಕಚ್ಚಿದವನು “ಕ್ಷಮಿಸು, ಬೇರೆ ಯಾರೋ ಅಂದ್ಕೊಂಡೆ” ಅಂದು ಕಾಲಿಗೆ ಬುದ್ಧಿ ಹೇಳಿದ. ಅಂದಿನಿಂದ ಅಕ್ಕ ರಕ್ತಪಿಶಾಚಿ. ವಯಸ್ಸು ಹದಿನೈದಕ್ಕೇ ನಿಂತುಹೋಯಿತು. ಪಿಶಾಚಿ ಅಂದ ಮಾತ್ರಕ್ಕೆ ಹೆದರಬೇಡಿ. ಮನುಷ್ಯರ ರಕ್ತ ಕಂಡರೆ ಅವಳಿಗೆ ತಲೆಸುತ್ತು. ಕಸಾಯಿ ಅಂಗಡಿಯಿಂದ ತಂದದ್ದನ್ನು ಫ್ಲಾಸ್ಕಿಗೆ ಹಾಕಿಕೊಂಡು, ಬೀಟ್‌ರೂಟ್ ರಸ ಅಂತ ಸುಳ್ಳು ಹೇಳಿ, ಸಂಜೆ ಶಾಲೆಯಲ್ಲಿ ಕೂತು ಹೀರುತ್ತಿದ್ದಳು. ಬೇರೆ ಬೇರೆ ಊರುಗಳಲ್ಲಿ ಹತ್ತೊಂಬತ್ತು ಸಲ ಒಂಬತ್ತನೇ ತರಗತಿ ಓದಿದರೂ ಬೀಜಗಣಿತ ಮಾತ್ರ ತಲೆಗೆ ಹತ್ತಿರಲಿಲ್ಲ.

ತೊಂದರೆ ಇದ್ದದ್ದು ಕನ್ನಡಿಯದು. ಅದರಲ್ಲಿ ಅವಳು ಕಾಣುತ್ತಿರಲಿಲ್ಲ. ಮುಖವೋ ಸುಣ್ಣದ ಹಾಗೆ ಬಿಳಿ. ಹಾಗೇ ಹೊರಟರೆ ಯಾರಾದರೂ ಆಸ್ಪತ್ರೆಗೆ ಎತ್ತಿಕೊಂಡು ಹೋಗುವುದು ಖಂಡಿತ. ಅದಕ್ಕೇ ದಿನಾ ಸಾಯಂಕಾಲ, ದಪ್ಪ ಪರದೆ ಎಳೆದ ಹೊಲಿಗೆ ಕೋಣೆಯಲ್ಲಿ, ದರ್ಜಿ ತಂಗಿ ಪುಟ್ಟಿ ಅವಳನ್ನು ಸ್ಟೂಲಿನ ಮೇಲೆ ಕೂರಿಸಿ, ಎರಡು ಜಡೆ ಹೆಣೆದು, ಕೆನ್ನೆಗಳಿಗೆ ಕೆಂಪು ಪುಡಿ ಹಚ್ಚುತ್ತಿದ್ದಳು.

“ಹೇಗೆ ಕಾಣ್ತಿದ್ದೀನೇ?” ಎಂದು ಅಕ್ಕ ಕೇಳುವುದು.

“ನಿನ್ನೆ ಥರಾನೇ” ಎಂದು ಪುಟ್ಟಿ ಹೇಳುವುದು.

ಹನ್ನೊಂದರ ಪುಟ್ಟಿ ಶುರುಮಾಡಿದ ಈ ಕೆಲಸವನ್ನು ಎಪ್ಪತ್ತನಾಲ್ಕರ ಪುಟ್ಟಿಯೂ ಬಿಟ್ಟಿರಲಿಲ್ಲ.

ಒಂದು ದಿನ ಅಕ್ಕ ಶಾಲೆಯಿಂದ ಧುಮುಗುಡುತ್ತ ಬಂದಳು.

“ಎಲ್ಲರೂ ನನ್ನನ್ನ ಅರೆ ಟೊಮೇಟೊ ಅಂತಾರೆ. ಒಂದು ಕಡೆ ಪುಡಿ ಕೆನ್ನೆ ಮೇಲಿದೆಯಂತೆ, ಇನ್ನೊಂದು ಕಡೆ ಕಿವಿ ಮೇಲಿದೆಯಂತೆ. ವಾರದಿಂದ ಹೀಗೇ ಬರ್ತಿದ್ದೀನಂತೆ. ಏನು ಮಾಡ್ತಿದ್ದೀಯ ನೀನು?”

ಪುಟ್ಟಿಯ ಕೈ ಮೇಜಿನ ಮೇಲೆ ಪುಡಿಯ ಡಬ್ಬಿಗಾಗಿ ತಡಕಾಡುತ್ತಿತ್ತು. ಡಬ್ಬಿ ಕಣ್ಣೆದುರೇ ಇತ್ತು. ಹೊಲಿಗೆ ಮೆಷಿನ್ ಕೆಟ್ಟಿದೆ ಅಂತ ಪುಟ್ಟಿ ಅದಕ್ಕೆ ಬಟ್ಟೆ ಮುಚ್ಚಿ ವರ್ಷವಾಗಿದ್ದು ಅಕ್ಕನಿಗೆ ಆಗ ನೆನಪಾಯಿತು. ಬಟ್ಟೆ ಸರಿಸಿ ಚಕ್ರ ತಿರುಗಿಸಿದಳು. ಅದು ಸಲೀಸಾಗಿ ಓಡಿತು.

“ಎಷ್ಟು ದಿನ ಆಯ್ತು?”

“ಕಣ್ಣು ಮಸುಕಾಗಿ ವರ್ಷ ಆಯ್ತು. ಪೂರ್ತಿ ಹೋಗಿ ಒಂದು ವಾರ. ಇದಕ್ಕೆ ಆಪರೇಷನ್ ಇಲ್ಲ ಅಂದ್ರು ಡಾಕ್ಟ್ರು. ಎದೆಯೂ ಸರಿ ಇಲ್ಲವಂತೆ, ಹೆಚ್ಚು ದಿನ ಇಲ್ಲವಂತೆ. ನಿನಗಿರೋ ಕನ್ನಡಿ ನಾನೊಬ್ಬಳೇ ಅಕ್ಕ. ಅದೂ ಒಡೀತು ಅಂತ ಯಾವ ಬಾಯಲ್ಲಿ ಹೇಳ್ಲಿ?”

ಟೊಮೇಟೊ ಅಂದರು ಅಂತ ಕೂಗಾಡಿದ್ದಕ್ಕೆ ಅಕ್ಕನಿಗೆ ನಾಚಿಕೆಯಾಯಿತು. ಆಮೇಲೆ ಭಯವಾಯಿತು.

“ಕಚ್ಚಿಬಿಡ್ತೀನಿ. ಒಂದೇ ಸಲ. ಆಮೇಲೆ ನೀನು ಸಾಯೋದೇ ಇಲ್ಲ.”

“ಕಚ್ಚಿದ್ರೆ ಕಣ್ಣು ಬರುತ್ತಾ?”

ಬರುವುದಿಲ್ಲ. ಕಚ್ಚಿದ ದಿನ ಹೇಗಿರುತ್ತಾರೋ ಹಾಗೇ ಉಳಿಯುತ್ತಾರೆ. ಅಕ್ಕ ಸುಳ್ಳು ಹೇಳಲಿಲ್ಲ.

“ಮಂಡಿ ನೋವು?”

“ಅದೂ ಇರುತ್ತೆ.”

“ಸಾವಿರ ವರ್ಷ ಕುರುಡಿಯಾಗಿ, ಈ ಮಂಡಿ ಎಳ್ಕೊಂಡು? ಚೆನ್ನಾಗಿದೆ ನಿನ್ನ ಉಪಕಾರ.” ಪುಟ್ಟಿ ನಕ್ಕಳು. “ನನಗೆ ಹದಿನೈದಾದಾಗ ಕಚ್ಚು ಅಂತ ಕಾಲು ಹಿಡಿದಿದ್ದೆ. ಮುಂದಿನ ವರ್ಷ ಅಂದೆ ನೀನು. ಇಪ್ಪತ್ತಾಯ್ತು, ಮೂವತ್ತಾಯ್ತು. ಯಾಕೆ ಕಚ್ಚಲಿಲ್ಲ?”

ಅಕ್ಕ ತಲೆ ತಗ್ಗಿಸಿದಳು. “ನೀನು ಬೆಳೆಯೋದನ್ನ ನೋಡೋಕೆ ಆಸೆ ಆಗ್ತಿತ್ತು. ನನಗೆ ಆಗದ್ದು ನಿನಗೆ ಆಗ್ತಿತ್ತಲ್ಲ. ನಿನ್ನ ಮೊದಲ ಬಿಳಿ ಕೂದಲು ಕಂಡಾಗ ಎಷ್ಟು ಹೊಟ್ಟೆಕಿಚ್ಚಾಗಿತ್ತು ಗೊತ್ತಾ?”

“ಹಾಗಾದ್ರೆ ಪೂರ್ತಿ ಬೆಳೆಯೋಕೆ ಬಿಡು. ನಾನು ಹೇಳದೆ ಕಚ್ಚಬೇಡ. ಮಾತು ಕೊಡು.”

ಅಕ್ಕ ಮಾತು ಕೊಟ್ಟಳು. ಯಾಕಾದರೂ ಕೊಟ್ಟೆನೋ ಅಂತ ಮರುಕ್ಷಣವೇ ಅನ್ನಿಸಿತು.

ಮರುದಿನದಿಂದ ಪುಟ್ಟಿ ಬಟ್ಟೆ ಅಳೆಯುವ ಹಾಗೆ ಮುಖ ಅಳೆದಳು. ಹೆಬ್ಬೆರಳನ್ನು ಅಕ್ಕನ ಮೂಗಿನ ಪಕ್ಕ ಊರಿ, ಎರಡು ಬೆರಳು ಆಚೆಗೆ ಲೆಕ್ಕ ಹಾಕಿ, ಅಲ್ಲಿ ಪುಡಿ ಹಚ್ಚಿದಳು. ಎರಡೂ ಕೆನ್ನೆ ಸಮವಾಗಿ ಬಂತು. ಅಡ್ಡಹೆಸರು ಇಟ್ಟಿದ್ದ ಪಕ್ಕದ ಬೆಂಚಿನ ಹುಡುಗಿಯೇ “ಈಗ ಪೂರ್ತಿ ಟೊಮೇಟೊ” ಎಂದು ಒಪ್ಪಿಗೆ ಕೊಟ್ಟಳು.

ಹೀಗೆ ಇಪ್ಪತ್ತು ದಿನ ಕಳೆಯಿತು. ಇಪ್ಪತ್ತೊಂದನೆಯ ಸಾಯಂಕಾಲ ಪುಟ್ಟಿ ಹಾಸಿಗೆ ಬಿಟ್ಟು ಏಳಲಿಲ್ಲ. ಅಕ್ಕನೇ ಡಬ್ಬಿ ತಂದು ಮುಖ ಬಗ್ಗಿಸಿ ಕೂತಳು. ಪುಟ್ಟಿ ಎಡಗೆನ್ನೆ ಅಳೆದಳು, ಹಚ್ಚಿದಳು. ಕೈ ಬಲಗೆನ್ನೆಗೆ ಬಂದು, ಹೆಬ್ಬೆರಳು ಊರಿ, ಅಲ್ಲೇ ನಿಂತಿತು. ಉಸಿರು ಎಳೆದೆಳೆದು ಬರುತ್ತಿತ್ತು. ಅಕ್ಕನ ಕೋರೆಹಲ್ಲು ತಾನಾಗಿಯೇ ಹೊರಬಂತು. ಕುತ್ತಿಗೆ ಒಂದು ಗೇಣು ದೂರದಲ್ಲಿತ್ತು.

“ಪುಟ್ಟೀ, ಕಚ್ಚು ಅಂತ ಒಂದು ಸಲ ಹೇಳೇ.”

“ಹೇಗೆ ಕಾಣ್ತಿದ್ದೀನಿ ಅಂತ ನೀನು ಕೇಳಲೇ ಇಲ್ಲ ಇವತ್ತು.”

“ಹೇಗೆ ಕಾಣ್ತಿದ್ದೀನೇ?”

“ನಿನ್ನೆ ಥರಾನೇ.”

ಕೈ ಜಾರಿ ದಿಂಬಿನ ಮೇಲೆ ಬಿತ್ತು. ಅಕ್ಕ ಬಾಯಿ ಬಿಗಿಹಿಡಿದು ಕೂತಳು. ಅವಳ ಹಲ್ಲು ಅವಳ ತುಟಿಗೇ ನಾಟಿತು. ಕೊಟ್ಟ ಮಾತು ಉಳಿಸಿಕೊಂಡಳು. ಆಮೇಲೆ, ಎಡಗೆನ್ನೆ ಒದ್ದೆಯಾಗದ ಹಾಗೆ ತಲೆ ಬಲಕ್ಕೆ ವಾಲಿಸಿ, ತುಂಬಾ ಹೊತ್ತು ಅತ್ತಳು.

ನರ್ಸಮ್ಮ ಓಡಿಬಂದು ಅವಳನ್ನು ತಬ್ಬಿಕೊಂಡಳು. “ಅಜ್ಜಿ ಹೋದ್ರಾ ಮಗು?”

“ಅಜ್ಜಿ ಅಲ್ಲ. ನನ್ನ ತಂಗಿ.”

ದುಃಖಕ್ಕೆ ಮಗುವಿಗೂ ಅರಳುಮರಳಾಯಿತು ಅಂತ ನರ್ಸಮ್ಮ ಕಣ್ಣೊರೆಸಿಕೊಂಡಳು.

ಮೂರು ದಿನ ಬಿಟ್ಟು ಅಕ್ಕ ಶಾಲೆಗೆ ಹೋದಳು. ಜಡೆ ಸೊಟ್ಟಗಿತ್ತು. ಪಕ್ಕದ ಬೆಂಚಿನ ಹುಡುಗಿ ಅವಳ ಮುಖ ನೋಡಿ, ಈ ಸಲ ನಗದೆ, ಕರವಸ್ತ್ರ ಮುಂದೆ ಹಿಡಿದಳು. “ಮತ್ತೆ ಒಂದೇ ಕಡೆ ಹಚ್ಕೊಂಡು ಬಂದಿದ್ದೀಯ. ಒರೆಸ್ಕೋ.”

ಅಕ್ಕ ಎಡಗೆನ್ನೆಗೆ ಅಂಗೈ ಅಡ್ಡ ಹಿಡಿದಳು, ತಾಗದ ಹಾಗೆ.

“ಗೊತ್ತು,” ಅಂದಳು. “ಹಾಗೇ ಇರ್ಲಿ.”