ಮಿಸ್ ಮಾತಾಡಿದರೆ ಅಂಕ ಕಡಿತ

ಈ ಬೆಂಚಿನ ಮೊಳೆ ಸೀರೆಗೆ ಹಿಡಿಯುತ್ತಿದೆ, ಮಂಡಿಯ ಹತ್ತಿರ, ಸ್ವಲ್ಪ ಸರಿದರೆ ಬೆಂಚು ಕಿರ್ರೆನ್ನುತ್ತದೆ, ಕಿರ್ರೆಂದರೆ ಬಾಗಿಲ ಪಕ್ಕ ಗಡಿಯಾರ ಹಿಡಿದು ನಿಂತ ಸುರಭಿ ಕತ್ತೆತ್ತಿ ನೋಡುತ್ತಾಳೆ, ನಾನೇನೂ ಮಾತಾಡಲಿಲ್ಲ ತಾಯಿ, ಮಾತಾಡಿದ್ದು ಬೆಂಚು — ಇಷ್ಟು ವರ್ಷ ಕರಿಹಲಗೆಯ ಪಕ್ಕದಲ್ಲೇ ನಿಂತು ವಿಜ್ಞಾನ ಪಾಠ ಮಾಡಿದವಳು ನಾನು, ಕೊನೆಯ ಬೆಂಚಿನಿಂದ ಹಲಗೆ ಇಷ್ಟು ದೂರ ಅಂತ ಗೊತ್ತೇ ಇರಲಿಲ್ಲ, ಇಲ್ಲಿ ಕೂರುವವರು ಕಿಟಕಿ ನೋಡದೆ ಇನ್ನೇನು ನೋಡಬೇಕು, ಪಾಪ. ಕಿಟಕಿಯಾಚೆ ಜಯನಗರದ ಬಸ್ಸು, ಭಾನುವಾರವಾದರೂ ತುಂಬಿಕೊಂಡೇ ಹೋಗುತ್ತಿದೆ, ಇಳಿದು ಯಾವುದಾದರೂ ಬಸ್ಸು ಹತ್ತಿ ಹನುಮಂತನಗರದ ಮನೆಗೆ ಹೋಗಿಬಿಡೋಣ ಅನ್ನಿಸುತ್ತಿದೆ. ಬೆಳಿಗ್ಗೆಯೇ ರೋಬೋ ಸ್ಪರ್ಧೆಗೆ ಬಂದ ಎಲ್ಲ ಶಾಲೆಗಳ ಮೇಷ್ಟರು ಮೇಡಂಗಳನ್ನು ಕೂರಿಸಿಕೊಂಡು ಸುರಭಿ ಹೇಳಿದ್ದಾಳೆ, ತೀರ್ಪುಗಾರರ ರೂಮಿಗೆ ನೀವೂ ಬರಬಹುದು ಮೇಡಂ, ಆದ್ರೆ ಲಾಸ್ಟ್ ಬೆಂಚು, ಮಾತಿಲ್ಲ, ಸನ್ನೆ ಇಲ್ಲ, ಮಾತಾಡಿದ್ರೆ ನಿಮ್ಮ ಮಕ್ಕಳ ಮಾರ್ಕ್ಸ್ ಕಟ್ ಆಗತ್ತೆ, ದಯವಿಟ್ಟು ಬೇಜಾರ್ ಮಾಡ್ಕೋಬೇಡಿ. ಬೇಜಾರಿಲ್ಲಮ್ಮ, ಆದರೆ ಮಾತಾಡದೆ ಇರುವುದನ್ನು ನಾನು ಯಾವ ಕಾಲೇಜಿನಲ್ಲೂ ಕಲಿತಿಲ್ಲ. ಮುಂದೆ ಮೇಜಿನ ಹತ್ತಿರ ನನ್ನ ಮೂವರು ನಿಂತಿದ್ದಾರೆ, ಮೌನೇಶ, ಶ್ವೇತಾ, ದಾನಮ್ಮ, ಮೂರು ಬೆನ್ನು, ಮೂರು ನೀಲಿ ಯೂನಿಫಾರಮ್ಮು, ಅವರ ಮುಂದೆ ಇಬ್ಬರು ತೀರ್ಪುಗಾರರು, ಮಧ್ಯೆ ಮೇಜಿನ ಮೇಲೆ ನಮ್ಮ ರೋಬೋ, ಬೆನ್ನುಗಳು ಅಡ್ಡ ಬಂದು ಅದರ ಚೂರೂ ನನಗೆ ಕಾಣುತ್ತಿಲ್ಲ.

ಕಾಣದಿದ್ದರೂ ಗೊತ್ತು, ಅದರ ಒಂದೊಂದು ನಟ್ಟೂ ಗೊತ್ತು, ಅಲ್ಯೂಮಿನಿಯಂ ತಗಡಿನ ಒಂದು ತಟ್ಟೆ, ಕೆಳಗೆ ಎರಡು ಮೋಟಾರು, ಮೇಲೆ ಬ್ಯಾಟರಿ, ನೆಲದ ಮೇಲಿನ ಕಪ್ಪು ಗೆರೆ ಹಿಡಿದು ಹೋಗಿ ತುದಿಯಲ್ಲಿರುವ ಮರದ ತುಂಡನ್ನು ತರಬೇಕು, ಮುಂದುಗಡೆ ಕೈ — ಆ ಕೈ ನನ್ನದು. ಅಂದರೆ ನನ್ನ ಯೋಚನೆ. ಅಡುಗೆಮನೆಯಲ್ಲಿ ಹಾಲಿನ ಪಾತ್ರೆ ಇಳಿಸುವಾಗ ಇಕ್ಕಳ ಹಿಡಿದ ಕೈ ಹಾಗೇ ನಿಂತುಬಿಟ್ಟಿತ್ತು, ಅರೆ, ಇದೇ ಅಲ್ಲವಾ ಬೇಕಾಗಿದ್ದು, ಎರಡು ತೋಳು, ಒಂದು ಕೀಲು, ಹಿಂದೆ ಎಳೆದರೆ ಮುಂದೆ ಕಚ್ಚುತ್ತದೆ. ಒಂದು ವಾರ ನಮ್ಮ ಮನೆಯವರಿಗೆ ಹಾಲು ಉಕ್ಕಿದ ಕಾಫಿಯೇ ಗತಿ, ಕಾತ್ಯಾಯಿನಿ, ಇಕ್ಕಳಕ್ಕೆ ಪೇಟೆಂಟ್ ತಗೋ, ರಿಟೈರ್ ಆದ್ಮೇಲೆ ಕೂತ್ಕೊಂಡು ತಿನ್ನೋಣ ಅಂತ ಛೇಡಿಸಿದರು, ಛೇಡಿಸಲಿ, ಕೈ ಕಚ್ಚಿತು. ತಟ್ಟೆಯ ಮುಂದುಗಡೆ ತೂತು ಕೊರೆಸಿ ನಟ್ಟು ಬೋಲ್ಟು ಬಿಗಿದು ಮಕ್ಕಳ ಮುಂದೆ ಇಟ್ಟಾಗ ಮೌನೇಶ ಸಖತ್ತಾಗಿದೆ ಮಿಸ್ ಅಂದ, ದಾನಮ್ಮ ಏನೂ ಅನ್ನಲಿಲ್ಲ, ಅವಳು ಅನ್ನುವುದು ಯಾವಾಗ. ಈಗ ನನಗೆ ಭಯ ಹುಟ್ಟಿಸುತ್ತಿರುವುದೂ ಅದೇ ಕೈ. ಈ ರೂಮಿನಲ್ಲಿ ಅವರು ಅಳೆಯುವುದು ರೋಬೋ ಓಡುತ್ತದಾ ಅಂತ ಅಲ್ಲ, ಓಟಕ್ಕೆ ಹೊರಗೆ ಬೇರೆ ಮೇಜಿದೆ, ತುಂಡು ಬಂದರೆ ಅಂಕ, ಬರದಿದ್ದರೆ ಇಲ್ಲ, ಅದನ್ನು ಯಾರು ಬೇಕಾದರೂ ಎಣಿಸಬಹುದು. ಇಲ್ಲಿ ನೋಡುವುದು ಮಕ್ಕಳು ತಾವೇ ಎಷ್ಟು ಯೋಚಿಸಿದ್ದಾರೆ ಅಂತ, ವಿನ್ಯಾಸ ಪ್ರಶಸ್ತಿ ಇದರ ಮೇಲೆ, ಸಾಯಂಕಾಲ ಎಲ್ಲ ತೀರ್ಪುಗಾರರೂ ಮೇಲಿನ ಮಹಡಿಯಲ್ಲಿ ಬಾಗಿಲು ಹಾಕಿಕೊಂಡು ವಾದ ಮಾಡುತ್ತಾರಂತೆ, ಅನುಮಾನ ಇದ್ದರೆ ಆಯ್ದ ತಂಡಗಳ ಹತ್ತಿರ ಇನ್ನೊಂದು ಸಲ ಬಂದು ಕೇಳುತ್ತಾರಂತೆ, ಬರಲಿಲ್ಲವೆಂದರೆ ಆಸೆ ಬಿಡಬಹುದು. ಹೆಡ್‌ಮಾಸ್ಟರು ರಾಮಯ್ಯನವರು ಮೊನ್ನೆಯೇ ಹೇಳಿಬಿಟ್ಟಿದ್ದಾರೆ, ನೋಡಿ ಮೇಡಂ, ಪ್ರೈಜ್ ಬಂದ್ರೆ ಆ ರೂಮು ನಿಮಗೇ, ಇಲ್ದಿದ್ರೆ ಜೂನ್‌ನಿಂದ ಅಲ್ಲಿ ಟ್ಯೂಷನ್ ನಡೆಸ್ತೀವಿ, ಕಮಿಟಿಯೋರು ಕೇಳ್ತಿದಾರೆ. ಶಾಲೆ ಬಿಟ್ಟ ಮೇಲೆ ಇವರು ಮೂವರೂ ಸೇರುವ ರೂಮು ಅದು, ನಾನೂ ಸೇರುವ ರೂಮು, ಅಲ್ಲಿಗೆ ಹೋಗುವಾಗ ನನ್ನ ಕಾಲುನೋವು ಎಲ್ಲಿ ಹೋಗುತ್ತದೋ. ಅದಕ್ಕೇ ನಿನ್ನೆ ಹೇಳಿದ್ದು, ಕೈ ಯಾರು ಮಾಡಿದ್ದು ಅಂತ ಕೇಳಿದ್ರೆ ಎಲ್ಲಾರೂ ಸೇರಿ ಮಾಡಿದ್ದು ಅನ್ನಿ. ಸುಳ್ಳೇನಲ್ಲ. ಬೋಲ್ಟು ತಿರುಗಿಸಿದ್ದು ಅವರೇ ತಾನೇ. ಮೌನೇಶ ತಲೆಯಾಡಿಸಿದ, ಶ್ವೇತಾ ತಲೆಯಾಡಿಸಿದಳು, ದಾನಮ್ಮ ನನ್ನ ಮುಖ ನೋಡಿದಳು, ತಲೆ ಆಡಿಸಿದಳೋ ಇಲ್ಲವೋ ನೆನಪಿಲ್ಲ.

ಮೌನೇಶ ಶುರು ಮಾಡಿದ, ಹೆಸರು ಮೌನೇಶ, ಬಾಯಿ ತೆರೆದರೆ ಆಕಾಶವಾಣಿ, ನಮಸ್ಕಾರ ಸಾರ್ ನಮ್ಮ ರೋಬೋ ಹೆಸರು ಇರುವೆ ಸಾರ್, ಸೆನ್ಸರ್ ಎರಡು ಸಾರ್, ಬಿಳಿ ಬಂದ್ರೆ ಹೀಗೆ ಕಪ್ಪು ಬಂದ್ರೆ ಹಾಗೆ ಸಾರ್ — ಭಾರ್ಗವ ಅನ್ನುವ ಚಿಕ್ಕ ವಯಸ್ಸಿನ ತೀರ್ಪುಗಾರ ನಗುತ್ತಾ ಬರೆದುಕೊಳ್ಳುತ್ತಿದ್ದಾನೆ, ಶ್ವೇತಾ ಸರ್ಕ್ಯೂಟು ವಿವರಿಸುತ್ತಾಳೆ, ಚೆನ್ನಾಗಿ ಹೇಳಿದಳು, ರೆಸಿಸ್ಟರ್ ಅನ್ನುವಾಗ ಎಂದಿನಂತೆ ತಡವರಿಸಲಿಲ್ಲ. ಬೆಳಿಗ್ಗೆಯ ಓಟವನ್ನು ನಾನು ನೋಡಲಿಲ್ಲ, ಸುರಭಿಯ ಮೀಟಿಂಗಿನಲ್ಲಿ ಸಿಕ್ಕಿಕೊಂಡಿದ್ದೆ, ಗೋಡೆಯಾಚೆ ಚಪ್ಪಾಳೆ ಕೇಳಿಸಿತು, ಶ್ವೇತಾ ಬಾಗಿಲಲ್ಲಿ ಇಣುಕಿ ಮೂರು ಸಲಾನೂ ಬಂತು ಮಿಸ್ ಅಂದು ಓಡಿದಳು, ಪಕ್ಕದಲ್ಲಿದ್ದ ಯಾವುದೋ ಶಾಲೆಯ ಮೇಷ್ಟರಿಗೆ ನಾನು ಹೇಳಿಯೂ ಬಿಟ್ಟೆ, ಇಕ್ಕಳದ ತತ್ತ್ವ ಸಾರ್, ಬಹಳ ಸರಳ, ಅಲ್ಲಿಂದ ಎದ್ದು ನೇರ ಈ ಬೆಂಚಿಗೆ. ಇನ್ನೊಬ್ಬರು ತೀರ್ಪುಗಾರರು, ಜಯಸಿಂಹ ಅಂತೆ, ನರೆತ ತಲೆ, ಬರೆಯುವುದೇ ಇಲ್ಲ, ಪೆನ್ನಿನ ಕ್ಯಾಪನ್ನೂ ತೆಗೆದಿಲ್ಲ, ಮಾತಾಡುವ ಮೌನೇಶನನ್ನು ಬಿಟ್ಟು ಮಾತಾಡದವಳನ್ನೇ ನೋಡುತ್ತಿದ್ದಾರೆ, ಎಷ್ಟು ಹೊತ್ತಿನಿಂದ ನೋಡುತ್ತಿದ್ದಾರೋ. ನೀನೇನಮ್ಮ ಹೆಸರು. ದಾನಮ್ಮ ರೀ ಸರ. ಯಾವ ಕಡೆಯವರು. ಯಾದಗಿರಿ ಕಡೇರಿ, ಈಗ ಬೀಟಿಎಮ್ ಲೇಔಟಿನಾಗ ಅದೀವ್ರಿ. ಸರಿ ದಾನಮ್ಮ, ಇದರಲ್ಲಿ ಏನೇನಿದೆ ಅಂತ ಅವರಿಬ್ಬರೂ ಹೇಳಿದ್ರು, ಏನಿಲ್ಲ ಅಂತ ನೀನು ಹೇಳು, ಹಾಕಿ ತೆಗೆದದ್ದು ಏನಾದ್ರೂ ಇದ್ಯಾ. ಎಂಥ ಪ್ರಶ್ನೆ, ಎಂಥ ಮನುಷ್ಯ ಈತ, ಇಷ್ಟು ವರ್ಷದಲ್ಲಿ ನಾನು ಕೇಳಿದ್ದೆಲ್ಲ ಉತ್ತರ ಗೊತ್ತಿದ್ದ ಪ್ರಶ್ನೆಗಳೇ, ಲೋಲಕದ ಪ್ರಯೋಗದಲ್ಲಿ ಉತ್ತರ ಎಷ್ಟು ಬರಬೇಕು ಅಂತ ಮೊದಲು ತಿಳಿದುಕೊಂಡು ಆಮೇಲೆ ಹಿಂದಿನಿಂದ ಅಳತೆ ಬರೆಯುವುದು ನಮ್ಮ ಕಡೆಯ ಎಲ್ಲ ಲ್ಯಾಬುಗಳ ಪದ್ಧತಿ, ಈತ ನೋಡಿದರೆ ತನಗೇ ಗೊತ್ತಿಲ್ಲದ್ದನ್ನು ಕೇಳಿ ಸುಮ್ಮನೆ ಕೂತಿದ್ದಾರೆ, ಅವಸರವಿಲ್ಲ, ಹುಬ್ಬು ಸಹ ಎತ್ತುತ್ತಿಲ್ಲ. ಹೇಳೇ ಹುಡುಗಿ. ನನಗೆ ಗೊತ್ತು ಅವಳಿಗೇಕೆ ಬಾಯಿ ಬರುತ್ತಿಲ್ಲ ಅಂತ, ನನ್ನ ತರಗತಿಯಲ್ಲಿ ಯಾರೂ ವಾಕ್ಯ ಶುರು ಮಾಡುವುದಿಲ್ಲ, ಶುರು ನಾನು, ಲೋಹಗಳು ಬಿಸಿಯಾದಾಗ ಹಿಗ್ಗು — ತ್ತವೆ ಮಿಸ್, ತಂಪಾದಾಗ ಕುಗ್ಗು — ತ್ತವೆ ಮಿಸ್, ಐವತ್ತು ಬಾಯಿ ಸೇರಿ ನನ್ನ ಮಾತಿನ ಬಾಲ ಹಿಡಿಯುತ್ತವೆ, ನನಗೋ ಎಷ್ಟು ಖುಷಿ, ಎಲ್ಲರಿಗೂ ಬಂತು ಅಂತ. ಈಗ ಮಾತಿನ ತಲೆಯನ್ನು ಯಾರು ಕೊಡಬೇಕು, ಬರೀ ಒಂದು ಪದ ಕೊಟ್ಟರೆ ಸಾಕು, ಮೊದಲು ನಾವು ಚಕ್ರ ದೊಡ್ಡದು ಹಾಕಿ — ಅಷ್ಟು ಹೇಳಿದರೆ ಉಳಿದದ್ದು ಅವಳು ಹೇಳುತ್ತಾಳೆ, ಮೊದ — ಅಯ್ಯೋ ಬಾಯಿಂದ ಬಂದೇಬಿಟ್ಟಿತು, ಸುರಭಿ ತಿರುಗಿದಳು, ಕೆಮ್ಮಿದೆ, ಜೋರಾಗಿ ಕೆಮ್ಮಿ ಸೆರಗನ್ನು ಬಾಯಿಗೆ ತುಂಬಿಕೊಂಡೆ, ಮೌನೇಶನೂ ಶ್ವೇತಾಳೂ ಹಿಂದೆ ತಿರುಗಿ ನನ್ನನ್ನು ನೋಡಿದರು, ದಾನಮ್ಮ ತಿರುಗಲಿಲ್ಲ.

ಕೈ ತಗದ್ವಿ ರೀ ಸರ. ಅವಳ ದನಿಯೇ. ಯಾವ ಕೈ ಅಂದರು ಜಯಸಿಂಹ — ಮುಂದ ಒಂದು ಕೈ ಇತ್ರೀ, ಕಚ್ಚಿ ಹಿಡಿಯೂದು, ಇವತ್ತು ಮುಂಜಾನೆ ಇಲ್ಲಿಗೆ ಬಂದಮ್ಯಾಲ ತಗದ್ವಿ. ಜಯಸಿಂಹ ರೋಬೋವನ್ನು ಎರಡೂ ಕೈಯಲ್ಲಿ ಎತ್ತಿ ತಿರುಗಿಸಿದರು, ಬೆನ್ನುಗಳ ಮೇಲಿಂದ ಈಗ ನನಗೂ ಕಂಡಿತು, ಮುಂದುಗಡೆ ಏನೂ ಇಲ್ಲ, ತಗಡು, ತಗಡಿನಲ್ಲಿ ನಾಲ್ಕು ತೂತು. ನಾನೇ ಅಳತೆ ಹಾಕಿ ಕೊರೆಸಿದ ನಾಲ್ಕು ತೂತು, ಅದರೊಳಗಿಂದ ಕಿಟಕಿಯ ಬೆಳಕು ಬರುತ್ತಿದೆ. ಹಾಗಾದರೆ ಬೆಳಿಗ್ಗೆ ಬಂದ ಚಪ್ಪಾಳೆ — ಮೂರು ಸಲವೂ ಬಂದದ್ದು — ಇಕ್ಕಳದ ತತ್ತ್ವ ಸಾರ್ ಬಹಳ ಸರಳ. ಯಾಕೆ ತೆಗೆದ್ರಿ ಅಂತ ಅವರು ಕೇಳುತ್ತಿದ್ದಾರೆ, ಕೈ ಚಲೋನ ಇತ್ರೀ, ತುಂಡು ನೆಟ್ಟಗಿದ್ರ ಹಿಡಿತಿತ್ತು, ಒಂಚೂರು ಸೊಟ್ಟ ಇದ್ರ ದೂಡಿ ಬೀಳಸ್ತಿತ್ತು, ನಮ್ಮ ಸಾಲ್ಯಾಗ ನಾವ ನೆಟ್ಟಗ ಇಡ್ತಿದ್ವಿ, ಇಲ್ಲಿ ಇಡೂದು ಸ್ಪರ್ಧಾದವರು. ಹೌದು, ನೆಟ್ಟಗೆ ಇಡುತ್ತಿದ್ದವಳು ನಾನು, ಪ್ರತಿ ಸಲ, ಬಗ್ಗಿ, ಬೆರಳಿನಿಂದ ಸರಿಮಾಡಿ, ಈಗ ಬಿಡ್ರೋ ಅನ್ನುತ್ತಿದ್ದವಳು. ಆಮೇಲೆ ಏನು ಮಾಡಿದ್ರಿ, ಪಕ್ಕದಾಗ ಒಂದು ಪಟ್ಟಿ ಹಾಕಿದ್ವಿ, ತುಂಡಿನ ಆಚೀಕಡೆ ಬಿದ್ದು ಎಳಕೊಂಡು ಬರ್ತದ್ರಿ, ಎತ್ತೂದು ಬ್ಯಾಡ, ನಮ್ಮ ಓಣ್ಯಾಗ ಚೆಂಡು ಬೈಕಿನ ಕೆಳಗ ಹೋದ್ರ ಬೈಕ್ ಎತ್ತಂಗಿಲ್ರಿ, ಕೋಲು ಹಾಕಿ ಎಳಕೋತೀವಿ. ಭಾರ್ಗವ ಬರೆಯುವುದನ್ನು ನಿಲ್ಲಿಸಿ ನಕ್ಕ, ನನಗೂ ನಗು ಬಂತು, ಸೆರಗಿನೊಳಗೆ, ನಗುವಿನ ಹಿಂದೆಯೇ ಏನೋ ಚುಚ್ಚಿತು, ಬೀಟಿಎಮ್ಮಿನ ಆ ಇಕ್ಕಟ್ಟು ರಸ್ತೆ, ಪೀಜಿ ಹಾಸ್ಟೆಲುಗಳ ಮುಂದೆ ಸಾಲಾಗಿ ನಿಂತ ಬೈಕುಗಳು, ಅದರ ಕೆಳಗೆ ಕೋಲು ಹಾಕಿ ಮಲಗಿದ ಈ ಹುಡುಗಿ, ಇಷ್ಟು ದಿನ ನನ್ನ ಮುಂದೆ ಕೂತು ಇಕ್ಕಳ ನೋಡುತ್ತಾ ಇದನ್ನೆಲ್ಲ ಯೋಚಿಸುತ್ತಿದ್ದಳಾ. ಬರೀ ಮಾತಲ್ಲ, ಬೆಳಿಗ್ಗೆ ತುಂಡನ್ನು ಬೇಕೆಂದೇ ಸೊಟ್ಟ ಇಟ್ಟು ಎರಡನ್ನೂ ಓಡಿಸಿ ನೋಡಿದರಂತೆ, ಯಾವುದು ಕಡಿಮೆ ಬೀಳಿಸುತ್ತದೋ ಅದನ್ನು ಉಳಿಸಿಕೊಂಡರಂತೆ, ಇದನ್ನು ನಾನು ಕಲಿಸಿಲ್ಲ, ದೇವರಾಣೆ ಕಲಿಸಿಲ್ಲ, ಬೇಕೆಂದೇ ಸೊಟ್ಟ ಇಡುವ ಧೈರ್ಯ ನನಗೇ ಇರಲಿಲ್ಲ. ಜಯಸಿಂಹ ರೋಬೋ ಕೆಳಗಿಟ್ಟರು. ನಿಮ್ಮ ಮಿಸ್‌ಗೆ ಹೇಳಿದ್ರಾ. ಇಲ್ರೀ. ಯಾಕೆ. ಈಗಲಾದರೂ ತಿರುಗಿ ನೋಡುತ್ತಾಳೆ ಅಂದುಕೊಂಡೆ, ಇಲ್ಲ, ಜಡೆ ಅಲ್ಲಾಡಲಿಲ್ಲ. ಹೇಳಿದ್ರ ಮಿಸ್ ಒಂದು ಕಾರಣ ಹೇಳ್ತಿದ್ರು ಸರ, ಅದು ಖರೇ ಅನಸ್ತಿತ್ತು, ಆಮ್ಯಾಲ ನಾವು ತಗೀತಿದ್ದಿಲ್ಲ.

ಎಲ್ಲೋ ಮೇಲೆ ಕುರ್ಚಿ ಎಳೆದ ಸದ್ದು, ಇನ್ಯಾವುದೋ ತಂಡದ ಸದ್ದು. ನೋವಾಯಿತು, ಇಲ್ಲ ಅನ್ನಲಾರೆ, ಇಷ್ಟು ಜನರ ಮುಂದೆ ಅನ್ನಬೇಕಿತ್ತಾ, ಆದರೆ ಅವಳ ದನಿಯಲ್ಲಿ ದೂರು ಇಲ್ಲ, ನೀರು ಕೆಳಗೆ ಹರಿಯುತ್ತದೆ ಅನ್ನುವ ಹಾಗೆ ಹೇಳಿದಳು, ಮಿಸ್ ಕಾರಣ ಹೇಳುತ್ತಾರೆ, ಅದು ಖರೇ ಅನ್ನಿಸುತ್ತದೆ, ನನ್ನನ್ನು ಇಷ್ಟು ಸರಿಯಾಗಿ ಯಾರಾದರೂ ಅಳೆದದ್ದುಂಟಾ, ನಮ್ಮ ಮನೆಯವರು ಮೂವತ್ತು ವರ್ಷದಿಂದ ಒಟ್ಟಿಗಿದ್ದಾರೆ, ಅವರಿಗೂ ಆಗಿಲ್ಲ. ಅಂಕ ಹೋಗಬಹುದು, ಮಿಸ್‌ಗೆ ಹೇಳದೆ ಮಾಡಿದರು ಅಂತ ಭಾರ್ಗವ ಕೆಂಪು ಗೆರೆ ಎಳೆಯಬಹುದು, ರೂಮು ಹೋಗಬಹುದು, ಅವಳಿಗೂ ಅದು ಗೊತ್ತು, ಗೊತ್ತಿದ್ದೂ ಎಲ್ಲಾರೂ ಸೇರಿ ಮಾಡಿದ್ವಿ ಅನ್ನಲಿಲ್ಲ. ಎಂಥ ಹುಡುಗಿ. ಯಾರ ಮಗಳು ಇವಳು, ಹೆಮ್ಮೆಯಿಂದ ಎದೆ ಒಡೆಯುತ್ತದೇನೋ ಅನ್ನಿಸುತ್ತಿದೆ, ನನ್ನ ಹೆಮ್ಮೆ ಅಂತ ಕರೆಯುವ ಹಕ್ಕೂ ಇಲ್ಲದ ಹೆಮ್ಮೆ. ಜಯಸಿಂಹ ಪೆನ್ನಿನ ಕ್ಯಾಪ್ ತೆಗೆದರು, ಈಗ, ಇಷ್ಟು ಹೊತ್ತಿಗೆ, ಒಂದೇ ಸಾಲು ಬರೆದರು, ಎದ್ದು ನಿಂತು ಮೂವರ ಕೈಯನ್ನೂ ಕುಲುಕಿದರು. ಸಾಯಂಕಾಲ ನಾವು ನಿಮ್ಮ ಟೇಬಲ್ ಹತ್ರ ಇನ್ನೊಂದು ಸಲ ಬರ್ತೀವಿ, ಆ ಬಿಚ್ಚಿದ ಕೈಯನ್ನೂ ತೆಗೆದು ಇಟ್ಟಿರಿ, ನೋಡ್ಬೇಕು. ಬರುತ್ತಾರೆ. ಇನ್ನೊಂದು ಸಲ ಬರುತ್ತಾರೆ. ಶ್ವೇತಾ ಮೌನೇಶನ ತೋಳು ಗಿಲ್ಲಿದಳು.

ಟೈಮ್ ಆಯ್ತು, ಮೇಡಂ, ಈಗ ನೀವು ಮಾತಾಡಬಹುದು, ಸುರಭಿ ನಗುತ್ತಾ ಗಡಿಯಾರ ಒತ್ತಿದಳು. ಈಗ ದಾನಮ್ಮ ತಿರುಗಿದಳು. ಮೂವರೂ ತಿರುಗಿ ನಿಂತಿದ್ದಾರೆ, ರೋಬೋ ಅವಳ ಎದೆಯ ಹತ್ತಿರ, ಮುಂಭಾಗ ನನ್ನ ಕಡೆ, ಮೂವರ ಮುಖದಲ್ಲೂ ಒಂದೇ ಪ್ರಶ್ನೆ, ಮಿಸ್ ಏನಂತಾರೆ, ಆ ಇಬ್ಬರು ತೀರ್ಪುಗಾರರ ಮುಂದೆ ಇಲ್ಲದ ಹೆದರಿಕೆ ಈಗ ಇದೆ, ಅಂದರೆ ಇನ್ನೊಬ್ಬ ತೀರ್ಪುಗಾರ್ತಿ ಇಷ್ಟು ಹೊತ್ತೂ ಹಿಂದೆಯೇ ಕೂತಿದ್ದಳು. ಏನನ್ನಲಿ, ಶಭಾಷ್ ಅನ್ನಲಾ, ಅದು ಸಾಲದು, ಒಳ್ಳೇದಾಯ್ತು ಕಣ್ರೋ ನಾನೂ ಅದೇ ಅಂದ್ಕೊಂಡಿದ್ದೆ ಅನ್ನಲಾ, ಸುಳ್ಳು, ಆದರೂ ಕೀಲು ಇನ್ನೂ ಒಂಚೂರು ಬಿಗಿ ಮಾಡಿದ್ದರೆ ಕೈ ಸೊಟ್ಟ ತುಂಡನ್ನೂ ಹಿಡಿಯುತ್ತಿತ್ತು, ಯಾಕೆಂದರೆ — ಇಗೋ ಬಂತು, ಕಾರಣ, ನಾಲಿಗೆಯ ತುದಿಯಲ್ಲಿ ಕೂತಿದೆ, ಬಾಯಿ ತೆರೆದರೆ ಹೊರಗೆ ಬರುತ್ತದೆ, ಬಂದರೆ ಖರೇ ಅನ್ನಿಸುತ್ತದೆ, ಮೂವರೂ ತಲೆಯಾಡಿಸುತ್ತಾರೆ, ಸಾಯಂಕಾಲದೊಳಗೆ ಬೋಲ್ಟು ಮತ್ತೆ ಬಿಗಿದಿರುತ್ತದೆ. ಅವರು ಕಾಯುತ್ತಿದ್ದಾರೆ. ದಾನಮ್ಮ ರೆಪ್ಪೆ ಮಿಟುಕಿಸುತ್ತಿಲ್ಲ. ನಾನು ತುಟಿ ಬಿಗಿಹಿಡಿದು ನೋಡುತ್ತಿದ್ದೇನೆ, ಖಾಲಿ ತಗಡು, ನಾಲ್ಕು ತೂತು, ತೂತಿನಾಚೆ ಅವಳ ಯೂನಿಫಾರಮ್ಮಿನ ನೀಲಿ, ನಾಲ್ಕು ಚುಕ್ಕೆ ನೀಲಿ, ಉಸಿರಾಡಿದಾಗೊಮ್ಮೆ ಅಲುಗುತ್ತಿರುವ ನೀಲಿ, ನಾಲ್ಕು ತೂತು —