ಮೂರನೇ ಸಿಲಿಂಡರಿನ ಗಾಳಿ

ಹನುಮಸಾಗರದಲ್ಲಿ ಗ್ಯಾರೇಜು ನಡೆಸುವ ನಾಹೀದಾ ಹೆದರುತ್ತಿದ್ದುದು ಒಂದಕ್ಕೇ: ಇಂಜಿನ್ನಿನೊಳಗೆ ತುಂಬುವ ಗಾಳಿಗೆ. ಗಂಗಾವತಿಯಲ್ಲಿ ಕೆಲಸ ಕಲಿಯುವಾಗ ಅವಳ ಉಸ್ತಾದ ಅಜೀಮ ಸಿಲಿಂಡರಿಗೆ ಗಾಳಿ ಬಿಟ್ಟಿದ್ದ. ಪಿಸ್ಟನ್ ಜಾರಿ ಇಂಜಿನ್ ಗಕ್ಕನೆ ತಿರುಗಿತು. ಪುಲ್ಲಿಯ ನಟ್ಟು ತಿರುಗಿಸಲು ಹಾಕಿ ಮರೆತಿದ್ದ ಪಾನಾ ಅವನ ಮಣಿಕಟ್ಟಿಗೆ ಬಡಿಯಿತು. ಎಲುಬು ಮುರಿದ ಆ ಸದ್ದು ಅವಳಿಗೆ ಈಗಲೂ ಕೇಳಿಸುತ್ತದೆ.

ಆದರೆ ಮಲ್ಲೇಶ್ವರಿ ವ್ಯಾನು ತಂದು ನಿಲ್ಲಿಸಿದ ದಿನ ಬೇರೆ ದಾರಿಯಿರಲಿಲ್ಲ. ವಾರಕ್ಕೆರಡು ಸಲ ಗಂಡ ಕಳಕೇಶನನ್ನು ಕೂರಿಸಿಕೊಂಡು ಅವಳೇ ಕೊಪ್ಪಳಕ್ಕೆ, ಡಯಾಲಿಸಿಸ್ಸಿಗೆ, ಓಡಿಸುವ ವ್ಯಾನದು.

"ಕುಷ್ಟಗಿ ದಾಟಿದ ಮ್ಯಾಲ ಏರು ಏರವಲ್ದು ಅಕ್ಕಾ. ನಡುದಾರ್ಯಾಗ ನಿಂತ್ರ ಏನ್ ಮಾಡ್ಲಿ?"

ಮೂರನೇ ಸಿಲಿಂಡರು ಬಲ ಕಳೆದುಕೊಂಡಿತ್ತು. ಸೋರುತ್ತಿರುವುದು ಪಿಸ್ಟನ್ ರಿಂಗೋ ವಾಲ್ವೋ ತಿಳಿಯಲು ಲೀಕ್‌ಡೌನ್ ಟೆಸ್ಟರ್ ಬೇಕು. ಪ್ಲಗ್ಗಿನ ತೂತಿನಿಂದ ಗಾಳಿ ತುಂಬಿ, ಎಷ್ಟು ಸೋರಿತೆಂದು ಮೀಟರಿನಲ್ಲಿ ನೋಡುವ ಸಾಧನ ಅದು. ಆನ್‌ಲೈನಿನಲ್ಲಿ ಅಗ್ಗಕ್ಕೆ ತರಿಸಿದ್ದನ್ನು ನಾಹೀದಾ ಡಬ್ಬಿಯಿಂದ ತೆಗೆದಳು. ಕೈಗೆ ತೀರಾ ಹಗುರ. ಗಾಳಿಯಿಲ್ಲದಾಗಲೂ ಮುಳ್ಳು ಸೊನ್ನೆಗೆ ನಿಲ್ಲುತ್ತಿರಲಿಲ್ಲ. ಒತ್ತಡ ಹೊಂದಿಸುವ ತಿರುಗಣಿ ಲೊಡಲೊಡ ಅನ್ನುತ್ತಿತ್ತು. ಬೇಡವೆಂದಿತು ಮನಸ್ಸು. ಮಲ್ಲೇಶ್ವರಿಯ ಮುಖ ನೋಡಿ ಕೆಲಸಕ್ಕಿಳಿದಳು.

ಮೊದಲ ಸಿಲಿಂಡರಿನಲ್ಲಿ ನೂರಕ್ಕೆ ಎಪ್ಪತ್ತು ಸೋರಿಕೆ. ಎರಡನೆಯದರಲ್ಲೂ ಎಪ್ಪತ್ತು. ನಾಲ್ಕರಲ್ಲೂ ಅಷ್ಟೇ.

"ಇಂಜಿನ್ನ ಹೋತೇನ್ರಿ?" ಮಲ್ಲೇಶ್ವರಿಯ ದನಿ ಇಳಿಯಿತು.

ನಾಹೀದಾ ಲೆಕ್ಕ ಹಾಕಿದಳು. ಎಲ್ಲವೂ ಅಷ್ಟು ಸೋರಿದ್ದರೆ ವ್ಯಾನು ಇಲ್ಲಿಗೇ ಬರುತ್ತಿರಲಿಲ್ಲ. ಟೆಸ್ಟರನ್ನು ಇಂಜಿನ್ನಿನಿಂದ ಬಿಡಿಸಿ, ಅದರ ಪೈಪಿನ ಬಾಯಿ ಗಟ್ಟಿಯಾಗಿ ಮುಚ್ಚಿ ಗಾಳಿ ಬಿಟ್ಟಳು. ಮುಳ್ಳು ಆಗಲೂ ಬಿತ್ತು. ಸಾಬೂನು ನೀರು ಹಚ್ಚಿದರೆ ಮೀಟರಿನ ಬುಡದಲ್ಲಿ ಗುಳ್ಳೆ.

"ಸೋರೂದು ಇಂಜಿನ್ ಅಲ್ಲವ್ವಾ, ಈ ಟೆಸ್ಟರ."

ಬುಡಕ್ಕೆ ಟೇಪು ಸುತ್ತಿ ಬಿಗಿದು, ಮೂರನೇ ಸಿಲಿಂಡರಿಗೆ ಜೋಡಿಸಿದಳು. ಪುಲ್ಲಿಯ ಮೇಲೆ ಪಾನಾ ಇಲ್ಲವೆಂದು ಎರಡು ಸಲ ನೋಡಿದಳು. ತಿರುಗಣಿ ತಿರುವಿದಳು, ಮುಳ್ಳು ಕದಲಲಿಲ್ಲ. ಇನ್ನೊಂಚೂರು ತಿರುವಿದ್ದೇ ತಡ, ಅದು ಒಮ್ಮೆಲೇ ಕೊನೆಗೆ ಜಿಗಿಯಿತು. ಇಂಜಿನ್ ಧಡಕ್ಕನೆ ಅರ್ಧ ಸುತ್ತು ಹೊಡೆಯಿತು. ನೋಡಲೆಂದು ಬಗ್ಗಿದ್ದ ಮಲ್ಲೇಶ್ವರಿಯ ಸೆರಗು ಬೆಲ್ಟಿಗೆ ಸಿಕ್ಕು, ತಲೆಯನ್ನು ಇಂಜಿನ್ನಿನ ಫ್ಯಾನಿನತ್ತ ಜಗ್ಗಿತು.

ನಾಹೀದಾ ಪೈಪು ಕಿತ್ತೆಸೆದಳು. ಮಲ್ಲೇಶ್ವರಿಯ ಕೆನ್ನೆಗೂ ಫ್ಯಾನಿನ ರೆಕ್ಕೆಗೂ ನಡುವೆ ನಾಲ್ಕು ಬೆರಳು ಜಾಗವಿತ್ತು. ನಾಹೀದಾ ಪುಲ್ಲಿಯನ್ನು ಹಿಂದಕ್ಕೆ ತಿರುವಿ ಸೆರಗು ಬಿಡಿಸಿದಳು.

"ಸೀರಿ ಅಷ್ಟ ಹರದೈತಕ್ಕಾ," ಎಂದಳು ಮಲ್ಲೇಶ್ವರಿ, ಉಸಿರು ಸಿಕ್ಕ ಮೇಲೆ.

"ಹಿಂದ ಸರಿ ಅಂತ ನಾ ಹೇಳ್ಬೇಕಿತ್ತು. ನನ್ನ ಕಡಿಂದ ಆಗೂದಿಲ್ಲ ಇದು."

"ಮತ್ತ ಯಾರ ಕಡಿಂದ ಆಕ್ಕೈತ್ರಿ?"

ನಾಹೀದಾ ಎದ್ದು ಪಕ್ಕದ ಅಂಗಡಿಯ ಪೇಂಟರ್ ನಜೀರಸಾಬರ ಹತ್ತಿರ ಹೋದಳು. ಬಣ್ಣ ಸಿಂಪಡಿಸಲು ಅವರು ಬಳಸುವ ಹಳೆಯ ಹಿತ್ತಾಳೆಯ ರೆಗ್ಯುಲೇಟರು, ಅದರ ಮೀಟರು ಕೇಳಿ ತಂದಳು. ಅವರೂ ಜೊತೆಗೆ ಬಂದರು.

"ಸಾಮಾನು ಮುರದ್ರ ಇನ್ನೊಂದು ತರಬಹುದು ಬೇಟಿ. ಸುಳ್ಳ ಹೇಳೂ ಸಾಮಾನು ಭಾಳ ಕೆಟ್ಟದ್ದು," ಎಂದರು.

ಟೆಸ್ಟರಿನ ಜಾಗದಲ್ಲಿ ಅದನ್ನು ಜೋಡಿಸಿದಳು; ಅದರ ತಿರುಗಣಿ ಎಷ್ಟು ತಿರುವಿದರೆ ಮುಳ್ಳು ಅಷ್ಟೇ ಏರಿತು. ಗಾಲಿಗೆ ಕಲ್ಲು ಕೊಟ್ಟು, ಗೇರು ಹಾಕಿ, ಹ್ಯಾಂಡ್‌ಬ್ರೇಕು ಎಳೆದು, ಮಲ್ಲೇಶ್ವರಿಯನ್ನು ರಸ್ತೆಯಾಚೆ ನಿಲ್ಲಿಸಿ ನಾಹೀದಾ ಗಾಳಿ ಬಿಟ್ಟಳು, ಒಂದೊಂದೇ ಕೂದಲಿನಷ್ಟು. ರಿಂಗು ಸೋರಿದ್ದರೆ ಸದ್ದು ಬರಬೇಕಾದ, ಆಯಿಲ್ ಹಾಕುವ ಬಾಯಿಗೆ ಕಿವಿ ಕೊಟ್ಟಳು: ಸದ್ದಿಲ್ಲ. ರೇಡಿಯೇಟರಿನ ನೀರಿನಲ್ಲಿ ಗುಳ್ಳೆಯಿಲ್ಲ. ಸೈಲೆನ್ಸರಿನ ಹತ್ತಿರ ಕುಕ್ಕರಗಾಲಲ್ಲಿ ಕೂತಾಗ ಒಳಗಿನಿಂದ ಸಣ್ಣಗೆ ಸುಸ್ ಎಂದಿತು.

"ವಾಲ್ವ್ ಸುಟ್ಟೈತಿ. ರಿಂಗ್ ಛಲೋ ಅದಾವ. ಎರಡ ದಿನ ಕೊಡು."

"ನಾಳೆ ಮುಂಜಾನಿ ಅವ್ರನ್ನ ಒಯ್ಯಬೇಕಲ್ರಿ."

"ನಾಳೆ ನನ್ನ ಗಾಡಿ ಒಯ್ಯವ್ವ," ಎಂದರು ನಜೀರಸಾಬ.

ನಾಲ್ಕನೇ ದಿನ ನಸುಕಿನಲ್ಲಿ, ಹೊಸ ವಾಲ್ವ್ ಕೂರಿಸಿದ ವ್ಯಾನು ಕೊಪ್ಪಳದ ದಾರಿ ಹಿಡಿಯಿತು. ನಾಹೀದಾ ಪಾನಾ ಮುಟ್ಟದೆ ಫೋನು ನೋಡುತ್ತ ಕೂತಳು. ಕಿವಿ ಮೋಸ ಮಾಡಿದ್ದರೆ? ಎಂಟು ಗಂಟೆ ದಾಟಿದ ಮೇಲೆ ಫೋನು ಬಡಿದುಕೊಂಡಿತು. ನಿಲ್ಲುವ ಹೊತ್ತಿಗೆ ಎತ್ತಿದಳು.

"ಮುಟ್ಟಿದ್ವಿ ಅಕ್ಕಾ. ಇವ್ರು ದಾರಿ ತುಂಬ ನಿದ್ದಿ ಮಾಡ್ಯಾರ."